ಫೇಲಾದ ಬೋರಿನಲ್ಲಿ ಕಿವಿ ಇಟ್ಟು ನೆಲ ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕುಷ್ಟಗಿ, ಯಲಬುರ್ಗಾ ಕಡೆ ಫೇಲಾದ ಬೋರು ಇಲ್ಲದ ಊರು ನನಗೆ ಇನ್ನೂ ಸಿಕ್ಕಿಲ್ಲ. ಬಾಯಿಗೆ ಒಂದು ಚಪ್ಪಡಿ ಮುಚ್ಚಿ, ಮೇಲೆ ಜಾಲಿ ಮುಳ್ಳು ಎಳೆದು, ರೈತರು ಆ ಕಡೆ ನೋಡುವುದನ್ನೇ ಬಿಟ್ಟಿರುತ್ತಾರೆ. ಅದನ್ನು ನೋಡಿದರೆ ಸಾಲ ನೆನಪಾಗುತ್ತದೆ. ಮುಂದಿನ ಬೇಸಿಗೆಗೆ ನೂರಿನ್ನೂರು ಅಡಿ ಆಚೆ ಇನ್ನೊಂದು ಪಾಯಿಂಟ್ ಹಾಕಿಸುತ್ತಾರೆ. ಮತ್ತೆ ಗಾಡಿ ಬರುತ್ತದೆ, ಮತ್ತೆ ಬಿಳಿ ಹಿಟ್ಟು ಏಳುತ್ತದೆ.

ಆ ಎರಡನೇ ಗಾಡಿ ಬರುವ ಮುಂಚೆ ಮೊದಲನೇ ಬೋರನ್ನು ಒಮ್ಮೆ ಕೇಳಿ ನೋಡಿ ಎನ್ನುವುದು ನನ್ನ ಮಾತು. ಮುನ್ನೂರು ಅಡಿ ಕಲ್ಲಿನೊಳಗೆ ಹೋಗುವ ದಾರಿ ಈಗಾಗಲೇ ಇದೆ. ಅದಕ್ಕೆ ದುಡ್ಡು ಕೊಟ್ಟಾಗಿದೆ. ಅದರಲ್ಲಿ ಒಂದು ಕಂಪನ ಹಿಡಿಯುವ ಉಪಕರಣ ಇಳಿಸಿ, ಮೇಲೆ ಸಮ್ಮಟಿಗೆಯಿಂದ ಹೊಡೆದರೆ, ಆ ಹೊಡೆತ ಕೆಳಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ನಡುವಿನ ಕಲ್ಲು ಹೇಗಿದೆ ಎಂದು ತಿಳಿಯುತ್ತದೆ. ಹೊಸ ಬೋರು ಕೊರೆಯುವ ರಿಗ್ಗಿನ ಸದ್ದನ್ನೇ ಹೊಡೆತವನ್ನಾಗಿ ಬಳಸಬಹುದು. ಎರಡನ್ನೂ ಇಲ್ಲಿ ಹೇಳುತ್ತೇನೆ. ಭೂವಿಜ್ಞಾನ, ಸಿವಿಲ್ ಅಥವಾ ಡಿಪ್ಲೊಮಾ ಓದಿದ ಹುಡುಗ ಹುಡುಗಿಯರು, ಪಾಯಿಂಟ್ ನೋಡುವ ಕೆಲಸ ಮಾಡುವವರು ಇದನ್ನು ಮಾಡಬಲ್ಲರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ಕಲ್ಲಿನಲ್ಲಿ ಈ ಅಲೆಗಳು ನೀರನ್ನು ನೇರವಾಗಿ ತೋರಿಸುವುದಿಲ್ಲ. ಒಡೆದ ಕಲ್ಲನ್ನು ತೋರಿಸುತ್ತವೆ. ನಮ್ಮ ಕಡೆ ನೀರು ಇರುವುದು ಆ ಒಡಕುಗಳಲ್ಲೇ. ಆದರೆ ಎಲ್ಲ ಒಡಕಿನಲ್ಲೂ ನೀರು ಇರುವುದಿಲ್ಲ. ಈ ವ್ಯತ್ಯಾಸ ಮರೆತವರು ರೈತರಿಗೆ ಸುಳ್ಳು ಆಸೆ ಹುಟ್ಟಿಸುತ್ತಾರೆ.

ನಮ್ಮ ಕಾಲ ಕೆಳಗೆ ಏನಿದೆ

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಬಹಳ ಹಳೆಯ ಗಟ್ಟಿ ಕಲ್ಲಿನ ಮೇಲೆ ಕೂತಿವೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನಲ್ಲೇ ಕರೆಯುವ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ನಮ್ಮ ಭಾಗದವರೆಗೆ ಚಾಚಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆನೆಗೊಂದಿಯಲ್ಲಿ ಒಂದರ ಮೇಲೊಂದು ಕೂತಿರುವ ಬಂಡೆಗಳನ್ನು ನೋಡಿದ್ದೀರಲ್ವಾ? ಮಣ್ಣಿನ ಕೆಳಗೂ ಅದೇ ಥರ ಇರುತ್ತದೆ ಎಂದುಕೊಳ್ಳಿ. ಉರುಟು ಬಂಡೆಗಳು, ನಡುವೆ ಗರಸು, ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು, ಅದಕ್ಕೂ ಕೆಳಗೆ ಒಡಕಿಲ್ಲದ ಕಲ್ಲು. ಪೂರ್ವಕ್ಕೆ ಹಟ್ಟಿ, ಮಸ್ಕಿ ಸುತ್ತ ಬೇರೆ ಕಥೆ. ಅಲ್ಲಿ ಚಿನ್ನ ಇರುವ ಕರಿಕಲ್ಲಿನ ಪಟ್ಟಿ ಇದೆ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವರೂ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರು, ಬೀಡನ್ ಎಂಬುವರು. ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಗುಡ್ಡಗಳು. ಕಲ್ಲು ಬದಲಾದರೆ ಅಲೆಯ ವೇಗವೂ ಬದಲಾಗುತ್ತದೆ. ಸಂಡೂರಿನ ಅಳತೆ ತಂದು ಕುಷ್ಟಗಿಗೆ ಹಚ್ಚಬೇಡಿ.

ಇಷ್ಟು ಅಂಕಿ ನೆನಪಿಟ್ಟುಕೊಳ್ಳಿ. ಒಣ, ಸಡಿಲ ಮಣ್ಣಿನಲ್ಲಿ ಒತ್ತುವ ಅಲೆ, ಅಂದರೆ ಪಿ ಅಲೆ, ಸೆಕೆಂಡಿಗೆ 300ರಿಂದ 600 ಮೀಟರ್ ಓಡುತ್ತದೆ. ಗರಸಿನಲ್ಲಿ ಸುಮಾರು 800ರಿಂದ 2000. ಬಿರುಕು ಬಿಟ್ಟ ಗ್ರಾನೈಟಿನಲ್ಲಿ 2500ರಿಂದ 4500. ಒಡಕಿಲ್ಲದ ಗ್ರಾನೈಟಿನಲ್ಲಿ 5000ದಿಂದ 6000. ಗಾಳಿಯಲ್ಲಿ ಸದ್ದು 340, ನೀರಿನಲ್ಲಿ ಸುಮಾರು 1500. ಸಡಿಲ ಮಣ್ಣು ಅಥವಾ ಮೆತ್ತಗಿನ ಗರಸು ನೀರಿನಿಂದ ತುಂಬಿದ್ದರೆ ಪಿ ಅಲೆಯ ವೇಗ 1500ರ ಆಸುಪಾಸಿಗೆ ಹಾರುತ್ತದೆ. ನೀರಿನ ಮಟ್ಟವನ್ನು ಅಲೆಯಿಂದಲೇ ಗುರುತಿಸಲು ಆಗುವುದು ಹೆಚ್ಚಾಗಿ ಇಲ್ಲಿ ಮಾತ್ರ.

ನೆಲದ ಮೇಲೇ ಜಿಯೋಫೋನ್, ಅಂದರೆ ನೆಲದ ಕಂಪನ ಹಿಡಿಯುವ ಉಪಕರಣಗಳ ಸಾಲು ಹಾಕಿ ಅಳೆಯಬಹುದಲ್ಲ, ಬೋರು ಯಾಕೆ ಎಂದು ಕೇಳಬಹುದು. ಮೇಲಿನ ಸಡಿಲ ಪದರ ಚೂಪಾದ, ವೇಗದ ಕಂಪನಗಳನ್ನು ನುಂಗಿಬಿಡುತ್ತದೆ. ಸಣ್ಣ ಒಡಕುಗಳ ಸುದ್ದಿ ಇರುವುದೇ ಆ ಚೂಪಾದ ಕಂಪನಗಳಲ್ಲಿ. ನೆಲದ ಮೇಲೆ ಅಳೆದರೆ ಅಲೆ ಆ ಪದರವನ್ನು ಎರಡು ಸಲ ದಾಟಬೇಕು. ಬೋರಿನೊಳಗೆ ಕೇಳಿದರೆ ಒಂದೇ ಸಲ.

ಬೋರು ಆರಿಸುವುದು

ಮೋಟಾರ್ ಎತ್ತಿರುವ ಬೋರೇ ಬೇಕು. ಪೈಪು, ಕೇಬಲ್ ಒಳಗಿದ್ದರೆ ಕೈ ಹಾಕಬೇಡಿ. ರೈತರನ್ನು ಮೂರು ವಿಷಯ ಕೇಳಿ. ಎಷ್ಟು ಅಡಿ ಕೊರೆದದ್ದು, ಮೇಲಿನ ಮಣ್ಣು ಕುಸಿಯದಂತೆ ಇಳಿಸಿದ ಪೈಪು, ಅಂದರೆ ಕೇಸಿಂಗ್, ಎಷ್ಟು ಅಡಿ, ಯಾವ ಆಳದಲ್ಲಿ ಹಸಿ ಕಂಡಿತ್ತು. ಮೂರನೆಯದನ್ನು ಅವರು ಮರೆತಿರುವುದಿಲ್ಲ. ಆಮೇಲೆ ಹಗ್ಗಕ್ಕೆ ತೂಕ ಕಟ್ಟಿ ನೀವೇ ಅಳೆಯಿರಿ. ಹಳೆಯ ಬೋರು ತಳದಲ್ಲಿ ಹೂಳು ತುಂಬಿಕೊಂಡಿರುತ್ತದೆ.

ನಂತರದ್ದು ಡಮ್ಮಿ. ನಿಮ್ಮ ಉಪಕರಣ ಎಷ್ಟು ದಪ್ಪ, ಎಷ್ಟು ಉದ್ದ ಇದೆಯೋ ಅಷ್ಟೇ ಅಳತೆಯ ಕಬ್ಬಿಣದ ತುಂಡನ್ನು ಗಟ್ಟಿ ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ, ಎತ್ತಿ. ಎರಡು ಸಲ ಮಾಡಿ. ನಾನು ಒಮ್ಮೆ ಅವಸರದಲ್ಲಿ ಇದನ್ನು ಬಿಟ್ಟೆ. ಆರೂವರೆ ಇಂಚಿನ ಬೋರು, ಐದು ಸೆಂಟಿಮೀಟರ್ ದಪ್ಪದ ಉಪಕರಣ, ಏನಾಗುತ್ತದೆ ಎಂದುಕೊಂಡೆ. 140 ಅಡಿಯಲ್ಲಿ ಗೋಡೆಯಿಂದ ಒಂದು ಕಲ್ಲು ಕಳಚಿ ಮೇಲೆ ಕೂತಿತು. ಸಂಜೆವರೆಗೆ ಎಳೆದೆವು. ಕೇಬಲ್ ಬಂತು, ಉಪಕರಣ ಅಲ್ಲೇ ಉಳಿಯಿತು. ಅದು ಎರವಲು ತಂದದ್ದು. ಅದನ್ನು ತೀರಿಸಲು ನನಗೆ ಒಂದು ವರ್ಷ ಹಿಡಿಯಿತು.

ಯಾವಾಗ ಹೋಗಬೇಕು

ದೀಪಾವಳಿಯ ಆಸುಪಾಸು ಒಳ್ಳೆಯದು. ಮಳೆಗಾಲ ಮುಗಿದು ಬೋರಿನಲ್ಲಿ ನೀರು ಮೇಲೆ ಬಂದಿರುತ್ತದೆ. ಫೇಲಾದ ಬೋರಿನಲ್ಲೂ ಸ್ವಲ್ಪ ನೀರು ನಿಂತಿರುತ್ತದೆ, ಪಂಪು ಓಡಿಸುವಷ್ಟು ಇರುವುದಿಲ್ಲ ಅಷ್ಟೇ. ಒಡಕು ಹುಡುಕುವ ಮುಖ್ಯ ಹಂತಕ್ಕೆ ಈ ನಿಂತ ನೀರು ಬೇಕೇ ಬೇಕು. ಏಪ್ರಿಲ್‌ನಲ್ಲಿ ಹೋದರೆ ಅರ್ಧ ಕೆಲಸ ಮಾತ್ರ ಆಗುತ್ತದೆ.

ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತು ಕೇಳಿಕೊಂಡು ಹೋಗಿ. ಸುತ್ತ ಹತ್ತು ಮೋಟಾರ್ ಓಡುತ್ತಿದ್ದರೆ ದಾಖಲೆ ತುಂಬ 50 ಹರ್ಟ್ಜ್ ಗುಂಯ್ ಎನ್ನುವ ಸದ್ದೇ ಇರುತ್ತದೆ. ಬೆಳಗಿನ ಜಾವ ಗಾಳಿಯೂ ಕಡಿಮೆ. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ರೈಸ್ ಮಿಲ್ ಹತ್ತಿರವಿದ್ದರೆ ಮಿಲ್ ನಿಂತ ದಿನವೇ ಹೋಗಬೇಕು.

ಸಾಮಾನು

ಜಿಯೋಫೋನ್ ಹಿಡಿದ ಕಂಪನವನ್ನು ಬರೆದಿಡುವ ಸೀಸ್ಮೋಗ್ರಾಫ್ 12 ಚಾನಲ್ ಇದ್ದರೆ ಸಾಕು, 24 ಇದ್ದರೆ ಚೆನ್ನ. ಅದು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದನ್ನು ನೋಡಿ. ಒಡಕಿಲ್ಲದ ಗ್ರಾನೈಟಿನಲ್ಲಿ ಅಲೆ ಎರಡು ಮೀಟರನ್ನು ಸುಮಾರು 0.36 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಳತೆಯ ನಡುವಿನ ಅಂತರ 0.125 ಮಿಲಿಸೆಕೆಂಡಿಗಿಂತ ಜಾಸ್ತಿ ಇರಬಾರದು. 0.0625 ಆದರೆ ನೆಮ್ಮದಿ. ಮಣ್ಣಿನ ಕೆಲಸಕ್ಕೆ ಇಟ್ಟ ಸೆಟ್ಟಿಂಗ್ ಹಾಗೇ ಬಿಟ್ಟು ಗಟ್ಟಿ ಕಲ್ಲು ಅಳೆಯಲು ಹೋಗುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಸಾಮಾನ್ಯ.

ಬೋರಿನೊಳಗೆ ಇಳಿಸಲು ಎರಡು ಥರ. ಒಂದು, ಮೂರು ದಿಕ್ಕಿನ ಜಿಯೋಫೋನ್. ಇದನ್ನು ಗೋಡೆಗೆ ಒತ್ತಿ ಹಿಡಿಸಬೇಕು. ಸ್ಪ್ರಿಂಗ್ ಇರುತ್ತದೆ, ಇಲ್ಲವೇ ಸೈಕಲ್ ಪಂಪಿನಿಂದ ಗಾಳಿ ತುಂಬುವ ರಬ್ಬರ್ ಚೀಲ ಇರುತ್ತದೆ. ಎರಡು, ಹೈಡ್ರೋಫೋನ್. ಇದು ನೀರಿನೊಳಗಿನ ಒತ್ತಡ ಕೇಳುವ ಮೈಕು. ಗೋಡೆಗೆ ಹಿಡಿಸುವುದು ಬೇಡ, ಹತ್ತು ಹನ್ನೆರಡನ್ನು ಒಂದೇ ಕೇಬಲ್‌ಗೆ ಪೋಣಿಸಬಹುದು. ಆದರೆ ನೀರು ಇರುವಷ್ಟು ಆಳದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಉಳಿದದ್ದು ಏಳೆಂಟು ಕೆಜಿಯ ಸಮ್ಮಟಿಗೆ, ಅಂಗೈ ದಪ್ಪದ ಉಕ್ಕಿನ ತಟ್ಟೆ, ಹೊಡೆತ ಬಿದ್ದ ಕ್ಷಣ ತಿಳಿಸಲು ಸಮ್ಮಟಿಗೆಗೆ ಕಟ್ಟುವ ಟ್ರಿಗರ್, ಮೀಟರಿಗೊಂದು ಗುರುತು ಹಾಕಿದ ಕೇಬಲ್, ಅದನ್ನು ಇಳಿಸಲು ಒಂದು ರಾಟೆ. ಹೊಡೆಯಲು ತೋಳಿನಲ್ಲಿ ಶಕ್ತಿ ಇರುವ ಇಬ್ಬರು. ಸ್ಫೋಟಕದ ಯೋಚನೆ ಬೇಡ. ಅದಕ್ಕೆ ಲೈಸೆನ್ಸ್ ಬೇಕು, ಮೇಲಾಗಿ ಬೋರಿನ ಗೋಡೆ ಕುಸಿಯುತ್ತದೆ.

ಮೊದಲ ಸುತ್ತು: ಆಳಕ್ಕೆ ತಕ್ಕ ವೇಗ

ತಟ್ಟೆಯನ್ನು ಬೋರಿನ ಬಾಯಿಯಿಂದ ಮೂರು ಮೀಟರ್ ದೂರ ಇಡಿ. ಬಾಯಿಯ ಪಕ್ಕದಲ್ಲೇ ಹೊಡೆದರೆ ಅಲೆ ಕೇಸಿಂಗ್ ಪೈಪಿನಲ್ಲೇ ಇಳಿದುಬಿಡುತ್ತದೆ. ಕಬ್ಬಿಣದ ಪೈಪಿನಲ್ಲಿ ಅದು ಸೆಕೆಂಡಿಗೆ 5000 ಮೀಟರ್ ಓಡುತ್ತದೆ. ಮೂವತ್ತು ಅಡಿ ಬರೀ ಮಣ್ಣಿದ್ದರೂ ಗ್ರಾನೈಟ್ ಇದೆ ಎಂದು ನಿಮಗೆ ಅನಿಸುತ್ತದೆ. ನಮ್ಮಲ್ಲಿ ಕೇಸಿಂಗ್ ಸುತ್ತ ಸಿಮೆಂಟ್ ತುಂಬುವ ರೂಢಿ ಕಡಿಮೆ, ಸುಮ್ನೆ ಕೊರೆದ ಪುಡಿಯನ್ನೇ ತಳ್ಳಿರುತ್ತಾರೆ. ಆದ್ದರಿಂದ ಕೇಸಿಂಗ್ ಇರುವ ಭಾಗದ ಅಳತೆಯನ್ನು ಪೂರ್ತಿ ನಂಬಬೇಡಿ. ಆ ಭಾಗಕ್ಕೆ ನೆಲದ ಮೇಲೆ ಒಂದು ಜಿಯೋಫೋನ್ ಸಾಲು ಹಾಕಿ ಬೇರೆಯಾಗಿ ಅಳೆದುಕೊಳ್ಳಿ.

ಉಪಕರಣವನ್ನು ಮೊದಲು ತಳಕ್ಕೆ ಇಳಿಸಿ. ಅಳತೆ ಕೆಳಗಿನಿಂದ ಮೇಲಕ್ಕೆ ಬರಲಿ, ಎರಡು ಮೀಟರಿಗೆ ಒಂದು. ಇಳಿಸುವಾಗ ಕೇಬಲ್ ಸಡಿಲವಾಗಿ ಆಳ ತಪ್ಪುತ್ತದೆ, ಎತ್ತುವಾಗ ಬಿಗಿಯಾಗಿರುತ್ತದೆ. ಪ್ರತಿ ಆಳದಲ್ಲೂ ಗೋಡೆಗೆ ಹಿಡಿಸಿದ ಮೇಲೆ ಕೇಬಲನ್ನು ಸ್ವಲ್ಪ ಸಡಿಲ ಬಿಡಿ. ಬಿಗಿಯಾಗೇ ಇದ್ದರೆ ಮೇಲಿನ ಗಾಳಿಯ ನಡುಕವೆಲ್ಲ ಕೇಬಲ್ ಹಿಡಿದು ಕೆಳಗಿಳಿಯುತ್ತದೆ.

ಒಂದು ಆಳಕ್ಕೆ ಒಂಬತ್ತು ಹೊಡೆತ ಹೊಡೆದು ಒಟ್ಟು ಸೇರಿಸಿ. ಒಂಬತ್ತು ಸೇರಿದರೆ ಗದ್ದಲಕ್ಕಿಂತ ನಮ್ಮ ಸದ್ದು ಮೂರು ಪಟ್ಟು ಎದ್ದು ಕಾಣುತ್ತದೆ. ಹದಿನಾರು ಹೊಡೆದರೆ ನಾಲ್ಕು ಪಟ್ಟು. ತೋಳು ಸೋಲುವುದಕ್ಕೆ ಹೋಲಿಸಿದರೆ ಆ ಲಾಭ ಕಡಿಮೆ.

ಹೊಡೆಯುತ್ತ ಹೋದ ಹಾಗೆ ತಟ್ಟೆ ನೆಲಕ್ಕೆ ಇಳಿಯುತ್ತದೆ. ಎರೆ ಭೂಮಿಯಲ್ಲಂತೂ ಅರ್ಧ ಗಂಟೆಯಲ್ಲಿ ನಾಲ್ಕು ಬೆರಳು ಇಳಿದಿರುತ್ತದೆ. ಆಗ ಹೊಡೆತದ ಸಮಯವೇ ಸರಿಯುತ್ತದೆ. ಅದಕ್ಕೆ ತಟ್ಟೆಯಿಂದ ಒಂದು ಮೀಟರ್ ದೂರ ನೆಲದಲ್ಲಿ ಒಂದು ಜಿಯೋಫೋನ್ ಊರಿ, ಇಡೀ ದಿನ ಅದನ್ನು ಕದಲಿಸಬೇಡಿ. ಪ್ರತಿ ದಾಖಲೆಯನ್ನೂ ಅದಕ್ಕೆ ಹೋಲಿಸಿ ಸರಿ ಮಾಡಿ. ಈ ಒಂದು ಜಿಯೋಫೋನ್ ಇಲ್ಲದೆ ಮಾಡಿದ ಸರ್ವೆಯನ್ನು ನಾನು ನಂಬುವುದಿಲ್ಲ.

ಮೇಲಿನ ಗರಸಿಗೆ ಅಡ್ಡ ಅಲೆಯನ್ನೂ, ಅಂದರೆ ನೆಲವನ್ನು ಪಕ್ಕಕ್ಕೆ ಅಲುಗಿಸುತ್ತ ಓಡುವ ಎಸ್ ಅಲೆಯನ್ನೂ, ಅಳೆದರೆ ಒಳ್ಳೆಯದು. ದಪ್ಪ ಮರದ ದಿಮ್ಮಿಯ ಮೇಲೆ ಟ್ರ್ಯಾಕ್ಟರ್ ಚಕ್ರ ಹತ್ತಿಸಿ, ದಿಮ್ಮಿಯ ಎಡ ತುದಿಗೆ ಒಮ್ಮೆ, ಬಲ ತುದಿಗೆ ಒಮ್ಮೆ ಹೊಡೆಯಿರಿ. ಎರಡು ದಾಖಲೆಯನ್ನು ಒಂದರ ಮೇಲೊಂದು ಇಟ್ಟರೆ ಅಡ್ಡ ಅಲೆ ಕನ್ನಡಿಯ ಬಿಂಬದ ಹಾಗೆ ತಿರುವುಮುರುವಾಗಿ ಕಾಣುತ್ತದೆ. ಅಡ್ಡ ಅಲೆಗೆ ನೀರು ಲೆಕ್ಕಕ್ಕಿಲ್ಲ, ನೀರಿನಲ್ಲಿ ಅದು ಓಡುವುದೇ ಇಲ್ಲ. ಗರಸಿನಲ್ಲಿ ಪಿ ಅಲೆಯ ವೇಗ ಥಟ್ಟನೆ ಏರಿ ಅಡ್ಡ ಅಲೆ ಹಾಗೇ ಉಳಿದರೆ ಅಲ್ಲಿಂದ ನೀರಿನ ಮಟ್ಟ ಶುರು. ಎರಡೂ ಏರಿದರೆ ಕಲ್ಲು ಗಟ್ಟಿಯಾಗಿದೆ.

ಲೆಕ್ಕ ಹಾಕುವುದು

ಪ್ರತಿ ದಾಖಲೆಯಲ್ಲೂ ಗೆರೆ ಮೊದಲು ಅಲುಗಿದ ಕ್ಷಣ ಗುರುತಿಸಿ. ಅಲೆ ಓರೆಯಾಗಿ ಬಂದಿದೆ, ಅದನ್ನು ನೇರಕ್ಕೆ ತಿರುಗಿಸಬೇಕು. ಉಪಕರಣ ನಾಲ್ಕು ಮೀಟರ್ ಆಳದಲ್ಲಿದೆ, ತಟ್ಟೆ ಮೂರು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಓರೆ ದಾರಿ ಐದು ಮೀಟರ್. ಅಳೆದ ಸಮಯ 12.5 ಮಿಲಿಸೆಕೆಂಡ್. ಅದನ್ನು ನಾಲ್ಕರಿಂದ ಗುಣಿಸಿ ಐದರಿಂದ ಭಾಗಿಸಿದರೆ ನೇರದ ಸಮಯ 10 ಮಿಲಿಸೆಕೆಂಡ್. ಆಳ ಹೆಚ್ಚಿದ ಹಾಗೆ ಈ ತಿದ್ದುಪಡಿ ಸಣ್ಣದಾಗುತ್ತದೆ, ಮೂವತ್ತು ಮೀಟರ್ ದಾಟಿದರೆ ಲೆಕ್ಕಕ್ಕೇ ಬರುವುದಿಲ್ಲ.

ಈಗ ಆಳವನ್ನು ಒಂದು ಕಡೆ, ಸಮಯವನ್ನು ಇನ್ನೊಂದು ಕಡೆ ಹಾಕಿ ಗ್ರಾಫ್ ಬರೆಯಿರಿ. ಕಲಿಯಲೆಂದು ನಾನೇ ಕಟ್ಟಿದ ಒಂದು ಲೆಕ್ಕ ನೋಡಿ. ಮೇಲಿನ 12 ಮೀಟರಿಗೆ 20 ಮಿಲಿಸೆಕೆಂಡ್, ಅಂದರೆ ವೇಗ 600, ಮಣ್ಣು. 12ರಿಂದ 30 ಮೀಟರಿಗೆ 6 ಮಿಲಿಸೆಕೆಂಡ್, ವೇಗ 3000, ಬಿರುಕು ಬಿಟ್ಟ ಕಲ್ಲು. 30ರಿಂದ 60ಕ್ಕೆ 5.4 ಮಿಲಿಸೆಕೆಂಡ್, ವೇಗ ಸುಮಾರು 5550, ಗಟ್ಟಿ. 60ರಿಂದ 66ಕ್ಕೆ 2 ಮಿಲಿಸೆಕೆಂಡ್, ವೇಗ ಮತ್ತೆ 3000ಕ್ಕೆ ಬಿತ್ತು. 66ರಿಂದ 90ಕ್ಕೆ 4.3 ಮಿಲಿಸೆಕೆಂಡ್, ಮತ್ತೆ ಗಟ್ಟಿ.

60ರಿಂದ 66 ಮೀಟರ್, ಅಂದರೆ ಸುಮಾರು 197ರಿಂದ 217 ಅಡಿ, ಅಲ್ಲೇನೋ ಒಡೆದಿದೆ. ಆದರೆ ಒಂದು ವಿಷಯ ಗಮನಿಸಿ. ಆ ಆರು ಮೀಟರ್ ಗಟ್ಟಿಯಾಗಿದ್ದರೆ 1.1 ಮಿಲಿಸೆಕೆಂಡ್ ಸಾಕಿತ್ತು. ಇಡೀ ತೀರ್ಮಾನ ನಿಂತಿರುವುದು 0.9 ಮಿಲಿಸೆಕೆಂಡಿನ ಮೇಲೆ! ತಟ್ಟೆ ಇಳಿದದ್ದನ್ನು ಸರಿ ಮಾಡದಿದ್ದರೆ ಅಷ್ಟು ಸಮಯ ಎಲ್ಲೋ ಕಳೆದುಹೋಗುತ್ತದೆ. ಅಕ್ಕಪಕ್ಕದ ಎರಡೇ ಬಿಂದುಗಳಿಂದ ವೇಗ ತೆಗೆಯಬೇಡಿ, ನಾಲ್ಕೈದು ಬಿಂದುಗಳಿಗೆ ಒಂದು ಗೆರೆ ಎಳೆದು ಅದರ ಓರೆಯಿಂದ ತೆಗೆಯಿರಿ.

ಎರಡನೇ ಸುತ್ತು: ನೀರು ಬರುವ ಗ್ಯಾಪ್ ಹುಡುಕುವುದು

ಈ ಹಂತ ನನಗೆ ತುಂಬಾ ಇಷ್ಟ. ಕಾರಣ ಹೇಳುತ್ತೇನೆ. ಬೋರ್ ಗಾಡಿ ಓಡಿಸುವವರು ಒಡಕಿಗೆ ಗ್ಯಾಪ್ ಎನ್ನುತ್ತಾರೆ. ತಮಿಳುನಾಡಿನ ತಿರುಚೆಂಗೋಡಿನ ಗಾಡಿಯವರಿಗೂ ನಮ್ಮ ರೈತರಿಗೂ ಅರ್ಥವಾಗುವ ಒಂದೇ ಮಾತು ಅದು. ಒಳ್ಳೆಯ ನೀರು ಕೊಡುವ ಗ್ಯಾಪ್ ಎಷ್ಟೋ ಸಲ ಬೆರಳು ದಪ್ಪವೂ ಇರುವುದಿಲ್ಲ. ಅಷ್ಟು ಸಣ್ಣದು ಮೊದಲ ಸುತ್ತಿನ ವೇಗದ ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಅದನ್ನು ಹಿಡಿಯಲು ಟ್ಯೂಬ್ ಅಲೆ ಬೇಕು.

ಅದು ಹೀಗೆ ಹುಟ್ಟುತ್ತದೆ. ಹೊಡೆತದ ಅಲೆ ಕಲ್ಲಿನಲ್ಲಿ ಇಳಿಯುತ್ತ ನೀರು ತುಂಬಿದ ಗ್ಯಾಪನ್ನು ದಾಟುವಾಗ ಅದನ್ನು ಒಂದು ಕ್ಷಣ ಹಿಂಡುತ್ತದೆ. ಗ್ಯಾಪಿನ ನೀರು ಬೋರಿನೊಳಗೆ ಚಿಮ್ಮುತ್ತದೆ. ಬೋರಿನಲ್ಲಿ ನಿಂತ ನೀರಿನ ಕಂಬಕ್ಕೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಗಟ್ಟಿ ಕಲ್ಲಿನ ಬೋರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1400 ಮೀಟರ್. ಗ್ಯಾಪ್ ಮುಚ್ಚಿಕೊಂಡಿದ್ದರೆ ಚಿಮ್ಮಲು ನೀರಿಲ್ಲ, ಅಲೆಯೂ ಹುಟ್ಟುವುದಿಲ್ಲ. ಬೋರಿಗೆ ಬಾಯಿ ತೆರೆದ ಗ್ಯಾಪ್ ಮಾತ್ರ ಹೀಗೆ ತನ್ನ ಗುರುತು ಹೇಳುತ್ತದೆ.

ಮಾಡುವ ಕ್ರಮ ಹೀಗಿದೆ. ತಟ್ಟೆಯನ್ನು ಈ ಸಲ ಹತ್ತರಿಂದ ಹದಿನೈದು ಮೀಟರ್ ದೂರ ಒಯ್ಯಿರಿ. ಹೈಡ್ರೋಫೋನ್ ಸರಮಾಲೆಯನ್ನು ನೀರಿಗೆ ಇಳಿಸಿ, ಒಂದೊಂದು ಮೀಟರ್ ಸರಿಸುತ್ತ ಇಡೀ ನೀರಿನ ಕಂಬವನ್ನು ಅಳೆಯಿರಿ. ದಾಖಲೆಗಳನ್ನು ಆಳದ ಪ್ರಕಾರ ಒಂದರ ಕೆಳಗೊಂದು ಜೋಡಿಸಿ. ಮೊದಲು ಬರುವ ಪಿ ಅಲೆ ಹೆಚ್ಚುಕಡಿಮೆ ನೆಟ್ಟಗಿನ ಗೆರೆಯ ಹಾಗೆ ಕಾಣುತ್ತದೆ, ಹತ್ತು ಮೀಟರಿಗೆ ಬರೀ 1.8 ಮಿಲಿಸೆಕೆಂಡ್ ಸರಿಯುತ್ತದೆ. ಆ ಗೆರೆಯಿಂದ ಕವಲೊಡೆದು, ಅಡ್ಡ ಮಲಗಿಸಿದ ವಿ ಆಕಾರದಲ್ಲಿ, ಹತ್ತು ಮೀಟರಿಗೆ 7 ಮಿಲಿಸೆಕೆಂಡ್ ಸರಿಯುವ ಎರಡು ಗೆರೆ ಕಂಡರೆ ಅದೇ ಟ್ಯೂಬ್ ಅಲೆ. ವಿ ಚೂಪಾಗುವ ಆಳದಲ್ಲಿ ಗ್ಯಾಪ್ ಇದೆ. ಮೀಟರ್ ಅಂತರದಲ್ಲಿ ಅದರ ಆಳ ಹೇಳಬಹುದು.

ಮೋಸ ಹೋಗುವ ಜಾಗಗಳಿವೆ. ಕೇಸಿಂಗ್ ಮುಗಿಯುವಲ್ಲಿ, ನೀರಿನ ಮೇಲ್ಮೈಯಲ್ಲಿ, ತಳದಲ್ಲಿ, ಬೋರಿನ ಅಗಲ ಬದಲಾದಲ್ಲಿ ಕೂಡ ಟ್ಯೂಬ್ ಅಲೆ ಹುಟ್ಟುತ್ತದೆ, ಇಲ್ಲವೇ ಬಡಿದು ಹಿಂದಿರುಗುತ್ತದೆ. ಈ ನಾಲ್ಕು ಆಳಗಳನ್ನು ಮೊದಲೇ ಗ್ರಾಫಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ. ಅಲ್ಲಿ ಕಂಡ ವಿ ಲೆಕ್ಕಕ್ಕಿಲ್ಲ. ನೆಲದ ಮೇಲೆ ತೆವಳಿಕೊಂಡು ಬರುವ ಅಲೆ ಬೋರಿನ ಬಾಯಿಗೆ ಬಡಿದು ದೊಡ್ಡ ಟ್ಯೂಬ್ ಅಲೆ ಎಬ್ಬಿಸುತ್ತದೆ, ಅದು ಮೇಲಿನಿಂದ ಇಳಿಯುವ ಒಂಟಿ ಗೆರೆ. ತಟ್ಟೆ ದೂರ ಒಯ್ದಷ್ಟೂ ಅದು ತಡವಾಗಿ ಬಂದು ನಮ್ಮ ದಾರಿಯಿಂದ ಸರಿದುಕೊಳ್ಳುತ್ತದೆ.

ಸಿಕ್ಕ ಆಳಗಳನ್ನು ರೈತರು ಹೇಳಿದ ಹಸಿ ಕಂಡ ಆಳದ ಜೊತೆ ಹೊಂದಿಸಿ ನೋಡಿ. ಎರಡೂ ಒಂದೇ ಆದರೆ ಖುಷಿ ಪಡಿ. ಅವರು ಹೇಳದ ಆಳದಲ್ಲಿ ಸಿಕ್ಕರೆ ಇನ್ನೊಂದು ಸುತ್ತು ಅಳೆದು ಖಚಿತ ಮಾಡಿಕೊಳ್ಳಿ.

ಯಾವ ದಿಕ್ಕು

ಗ್ಯಾಪ್ ಇದೆ, ಆದರೆ ಅದು ದೊಡ್ಡದಾಗುವುದು ಯಾವ ಕಡೆ? ಬೋರಿನ ಸುತ್ತ ಎಂಟು ದಿಕ್ಕಿಗೆ, ಮೂವತ್ತು ಮೀಟರ್ ದೂರದಲ್ಲಿ, ಒಂದೊಂದಾಗಿ ತಟ್ಟೆ ಇಟ್ಟು ಹೊಡೆಯಿರಿ. ಅಲೆ ನಿಧಾನವಾಗಿ ಬಂದ ದಿಕ್ಕಿನಲ್ಲಿ ಕಲ್ಲು ಜಾಸ್ತಿ ಒಡೆದಿದೆ.

ಹೇಳಲು ಸುಲಭ, ಆದರೆ ಒಂದು ತೊಡಕಿದೆ. ಪ್ರತಿ ತಟ್ಟೆಯ ಕೆಳಗೂ ಮಣ್ಣಿನ ದಪ್ಪ ಬೇರೆ ಬೇರೆ. ಒಂದು ಕಡೆ ಮೂರು ಮೀಟರ್, ಇನ್ನೊಂದು ಕಡೆ ಏಳು ಮೀಟರ್ ಮಣ್ಣಿದ್ದರೆ ಅದರಿಂದಲೇ ಐದಾರು ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ. ನಾವು ಹುಡುಕುತ್ತಿರುವುದು ಒಂದೆರಡು ಮಿಲಿಸೆಕೆಂಡನ್ನು. ಇದಕ್ಕೆ ಉಪಾಯ, ಎರಡು ಆಳದಲ್ಲಿ ಒಟ್ಟಿಗೆ ಕೇಳುವುದು. ಒಂದು ಹೈಡ್ರೋಫೋನ್ 40 ಮೀಟರಿನಲ್ಲಿ, ಇನ್ನೊಂದು 80ರಲ್ಲಿ. ಒಂದೇ ಹೊಡೆತಕ್ಕೆ ಎರಡರ ಸಮಯದ ವ್ಯತ್ಯಾಸ ತೆಗೆದರೆ ಮೇಲಿನ ಮಣ್ಣಿನ ತಡ ಬಹುಪಾಲು ಕಳೆದುಹೋಗುತ್ತದೆ. ಎಂಟು ದಿಕ್ಕಿನ ಈ ವ್ಯತ್ಯಾಸಗಳನ್ನು ಹೋಲಿಸಿ. ಎರಡು ಎದುರುಬದುರು ದಿಕ್ಕುಗಳು ಉಳಿದವಕ್ಕಿಂತ ನಿಧಾನವಾಗಿದ್ದರೆ ಒಡಕಿನ ಪಟ್ಟಿ ಆ ಸಾಲಿನಲ್ಲೇ ಹಾದುಹೋಗಿದೆ ಎನ್ನಲು ಒಳ್ಳೆಯ ಆಧಾರ.

ರಿಗ್ಗನ್ನೇ ಸಮ್ಮಟಿಗೆ ಮಾಡುವುದು

ಹೊಸ ಬೋರು ಕೊರೆಯುವುದು ಖಾತ್ರಿಯಾಗಿದೆ, ಗಾಡಿ ಬಂದು ನಿಂತಿದೆ ಎಂದುಕೊಳ್ಳಿ. ಹಳೆಯ ಬೋರು ಐವತ್ತು ಮೀಟರ್ ದೂರದಲ್ಲಿದೆ. ಇದು ಮತ್ತೆ ಸಿಗದ ಅವಕಾಶ. ರಾಡಿನ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ಟು ಇರುತ್ತದೆ. ಅದರ ಹಿಂದಿರುವ ಹ್ಯಾಮರ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 1500 ಸಲ ಕಲ್ಲಿಗೆ ಬಡಿಯುತ್ತದೆ. ನಾವು ಮೇಲೆ ನಿಂತು ಹೊಡೆದ ಪೆಟ್ಟು ಮಣ್ಣಿನಲ್ಲೇ ಸೋತು ಹೋಗುತ್ತಿತ್ತು. ಇದು ಕಲ್ಲಿನೊಳಗೇ ಹೊಡೆಯುತ್ತದೆ, ಅಡಿ ಅಡಿಯಾಗಿ ಕೆಳಗಿಳಿಯುತ್ತದೆ. ತೈಲ ಬಾವಿ ಕೊರೆಯುವವರು ಮೂರು ಉರುಳೆಯ ಬಿಟ್ಟಿನ ಸದ್ದನ್ನು ಹೀಗೇ ಬಳಸಿ, ಕೆಲಸ ನಿಲ್ಲಿಸದೆ ಕೆಳಗಿನ ಪದರ ಎಷ್ಟು ದೂರ ಎಂದು ಅಂದಾಜು ಮಾಡುತ್ತಾರೆ.

ತೊಂದರೆ ಎಂದರೆ ಈ ಬಡಿತಕ್ಕೆ ಶುರು, ಕೊನೆ ಇಲ್ಲ. ಸಮ್ಮಟಿಗೆ ಬಿದ್ದ ಕ್ಷಣ ಟ್ರಿಗರ್ ಹೇಳುತ್ತಿತ್ತು. ಇಲ್ಲಿ ಹೇಳುವವರಿಲ್ಲ. ಅದಕ್ಕೆ ರಾಡು ತಿರುಗಿಸುವ ತಲೆಯ ತಿರುಗದ ಭಾಗಕ್ಕೆ ಒಂದು ಕಂಪನ ಸಂವೇದಕವನ್ನು ಬೋಲ್ಟ್ ಹಾಕಿ ಬಿಗಿಯಿರಿ. ಇದು ಮುಖ್ಯ ಸಾಕ್ಷಿ. ಹಳೆಯ ಬೋರಿನಲ್ಲಿ ಹೈಡ್ರೋಫೋನ್, ನೆಲದ ಮೇಲೆ ಒಂದು ಸಾಲು ಜಿಯೋಫೋನ್. ಎಲ್ಲವೂ ಒಂದೇ ಗಡಿಯಾರಕ್ಕೆ ಬರೆಯಬೇಕು. ಪ್ರತಿ ರಾಡಿಗೂ ಎರಡು ಮೂರು ನಿಮಿಷ ಎಡೆಬಿಡದೆ ದಾಖಲಿಸಿ.

ಆಮೇಲೆ ಕ್ರಾಸ್ ಕೋರಿಲೇಷನ್. ಸಾಕ್ಷಿಯ ದಾಖಲೆಯನ್ನು ಹೈಡ್ರೋಫೋನಿನ ದಾಖಲೆಯ ಮೇಲೆ ಇಟ್ಟು, ಸ್ವಲ್ಪ ಸ್ವಲ್ಪ ಸರಿಸುತ್ತ, ಎಷ್ಟು ಸರಿಸಿದಾಗ ಎರಡೂ ಚೆನ್ನಾಗಿ ಹೊಂದುತ್ತವೆ ಎಂದು ಕಂಪ್ಯೂಟರ್ ನೋಡುತ್ತದೆ. ಸಾವಿರಾರು ಬಡಿತ ಒಟ್ಟಾಗುವುದರಿಂದ ಸಣ್ಣ ಸದ್ದೂ ಎದ್ದು ಬರುತ್ತದೆ.

ಸಾಕ್ಷಿ ಕೂತಿರುವುದು ಮೇಲೆ ಎಂಬುದನ್ನು ಮರೆಯಬೇಡಿ. ಬಡಿತ ರಾಡಿನಲ್ಲಿ ಏರಿ ಅಲ್ಲಿಗೆ ತಲುಪಲು ಹೊತ್ತು ಬೇಕು. ರಾಡಿನ ಉಕ್ಕಿನಲ್ಲಿ ವೇಗ ಸುಮಾರು 5000. ಬಿಟ್ಟು 60 ಮೀಟರ್ ಆಳದಲ್ಲಿದ್ದರೆ 12 ಮಿಲಿಸೆಕೆಂಡ್. ಅದೇ ಬಡಿತ ಗಟ್ಟಿ ಗ್ರಾನೈಟಿನಲ್ಲಿ 50 ಮೀಟರ್ ದಾಟಿ ಹಳೆಯ ಬೋರಿನ ಹೈಡ್ರೋಫೋನಿಗೆ ಹೋಗಲು ಸುಮಾರು 9.1 ಮಿಲಿಸೆಕೆಂಡ್. ಕಂಪ್ಯೂಟರ್ ಕೊಡುವ ಉತ್ತರ ಮೈನಸ್ 2.9! ಗಾಬರಿಯಾಗಬೇಡಿ. ಹೈಡ್ರೋಫೋನ್ ಮೊದಲು ಕೇಳಿತು, ಸಾಕ್ಷಿ ಆಮೇಲೆ ಕೇಳಿತು. ರಾಡಿನ 12ನ್ನು ಕೂಡಿಸಿದರೆ ಕಲ್ಲಿನ ಸಮಯ ಸಿಗುತ್ತದೆ. ಅದು 9ರ ಬದಲು 12 ಅಥವಾ 13 ಬಂದರೆ ಎರಡು ಬೋರುಗಳ ನಡುವೆ ಆ ಆಳದಲ್ಲಿ ಒಡೆದ ಕಲ್ಲಿದೆ.

ಬಡಿತ ಸೆಕೆಂಡಿಗೆ 25 ಆದರೆ ಪ್ರತಿ 40 ಮಿಲಿಸೆಕೆಂಡಿಗೆ ಅದೇ ಉತ್ತರ ಮತ್ತೆ ಮತ್ತೆ ಕಾಣುತ್ತದೆ. ಐವತ್ತು, ಅರವತ್ತು ಮೀಟರ್ ದೂರಕ್ಕೆ ನಮ್ಮ ಸಮಯ ಅದಕ್ಕಿಂತ ತುಂಬಾ ಕಡಿಮೆ ಇರುವುದರಿಂದ ಗೊಂದಲವಿಲ್ಲ. ದೂರದ ಬೋರಿಗೆ ಈ ವಿಧಾನ ಹಚ್ಚುವಾಗ ಎಚ್ಚರ ಬೇಕು. ಕಂಪ್ರೆಸರ್ ಲಾರಿಯ ಸದ್ದು ಬೇರ್ಪಡಿಸಲು, ಕಂಪ್ರೆಸರ್ ಓಡುತ್ತಿರುವಾಗಲೇ ಬಿಟ್ಟನ್ನು ತಳದಿಂದ ಒಂದಡಿ ಎತ್ತಿಸಿ ಒಂದು ನಿಮಿಷ ದಾಖಲಿಸಿ. ಹಾಗೆ ಎತ್ತಿದಾಗಲೂ ಉಳಿಯುವ ಸದ್ದು ನಮ್ಮದಲ್ಲ. ಗಾಡಿಯವರಿಗೆ ಪ್ರತಿ ನಿಮಿಷವೂ ಡೀಸೆಲ್. ಮೊದಲೇ ಕೂತು ಮಾತಾಡಿ, ಚಹಾ ಕುಡಿದು, ಎಷ್ಟು ಸಲ ನಿಲ್ಲಿಸಬೇಕು ಎಂದು ಒಪ್ಪಿಸಿಕೊಳ್ಳಿ.

ಉಪಕರಣ ಏನೂ ಇಲ್ಲದಿದ್ದರೂ ಇಷ್ಟನ್ನಂತೂ ಮಾಡಿ. ಕೈಗಡಿಯಾರ ನೋಡಿಕೊಂಡು ಪ್ರತಿ ರಾಡು ಇಳಿಯಲು ಎಷ್ಟು ನಿಮಿಷ ಹಿಡಿಯಿತು, ಹಿಟ್ಟಿನ ಬಣ್ಣ ಏನು, ಎಲ್ಲಿ ರಾಡು ಥಟ್ಟನೆ ಜಾರಿತು, ಎಲ್ಲಿ ಹಿಟ್ಟು ಹಸಿಯಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿ ರಾಡಿಗೂ ಒಂದು ಹಿಡಿ ಹಿಟ್ಟನ್ನು ಸಾಲಾಗಿ ಕಾಗದದ ಮೇಲೆ ಸುರಿದು ಫೋಟೊ ತೆಗೆಯಿರಿ. ಅಲೆಯ ಅಂಕಿಗಳಿಗೆ ಅರ್ಥ ಬರುವುದು ಈ ನೋಟ್‌ಬುಕ್ಕಿನಿಂದ.

ಇನ್ನೊಂದು ಸಂಗತಿ. ಕೊರೆಯುವಾಗ ಹಳೆಯ ಬೋರಿನಲ್ಲಿ ನೀರು ಗುಳುಗುಳು ಎನ್ನುವುದು, ಗಾಳಿ ಹೊರಗೆ ಊದುವುದು ಉಂಟು. ನಿಮ್ಮ ದಾಖಲೆ ಅಲ್ಲಿಗೆ ಕೆಟ್ಟಿತು. ಆದರೆ ಎರಡು ಬೋರುಗಳ ನಡುವೆ ಗ್ಯಾಪ್ ಕೂಡಿದೆ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆಗ ಬಿಟ್ಟು ಎಷ್ಟು ಆಳದಲ್ಲಿತ್ತು ಎಂದು ತಕ್ಷಣ ಬರೆದುಕೊಳ್ಳಿ. ಊದಿದ ಬೋರು ಪಕ್ಕದ ಹೊಲದವರದ್ದಾಗಿದ್ದರೆ ಅದನ್ನು ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿ. ಹೊಸ ಬೋರು ಕುಡಿಯುವುದು ಅವರ ನೀರನ್ನೇ.

ರೈತರಿಗೆ ಏನು ಹೇಳಬೇಕು

ಗ್ರಾಫ್ ಬಿಡಿಸಿ ಅರ್ಧ ಗಂಟೆ ವಿವರಿಸಿದ ಮೇಲೆ ಯಲಬುರ್ಗಾ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲಾ ಖರೆ ಸರ. ನೀರೈತೇನ್ರೀ, ಅದನ್ನ ಹೇಳ್ರಿ."

ನಾನು ಹೇಳಿದ್ದು ಇಷ್ಟು. "ಯಜಮಾನ್ರ, 210 ಅಡಿಗೆ ಕಲ್ಲು ಒಡೆದೈತ್ರಿ. ಅದು ಬಡಗಣ ದಿಕ್ಕಿಗೆ ಹೋಗೈತಿ. ನೀರೈತೋ ಇಲ್ಲೋ ಅನ್ನೋದನ್ನ ಈ ಮಷಿನ್ ಹೇಳಂಗಿಲ್ರಿ." ಅವರಿಗೆ ಬೇಸರವಾಯಿತು, ಆದರೆ ಸಿಟ್ಟು ಬರಲಿಲ್ಲ.

ಇಲ್ಲಿಂದ ಮುಂದಕ್ಕೆ ವಿದ್ಯುತ್ ರೋಧ ಅಳೆಯುವ ಸರ್ವೆ ಬೇಕು. ನೀರಿದ್ದರೆ ಕರೆಂಟ್ ಸುಲಭವಾಗಿ ಹರಿಯುತ್ತದೆ. ಆದರೆ ಜೇಡಿಯಲ್ಲೂ ಸುಲಭವಾಗಿ ಹರಿಯುತ್ತದೆ, ಆ ಸರ್ವೆ ಮೋಸ ಹೋಗುವುದು ಅಲ್ಲೇ. ಅಲೆ ಒಡೆದ ಕಲ್ಲು ಎಂದು ಹೇಳಿದ ಆಳದಲ್ಲೇ ರೋಧವೂ ಇಳಿದಿದ್ದರೆ ಧೈರ್ಯವಾಗಿ ಪಾಯಿಂಟ್ ಹಾಕಬಹುದು. ಹೊಲದಲ್ಲಿ ಕರಿಕಲ್ಲಿನ ಗೋಡೆಯಂಥ ಸಾಲು, ಅಂದರೆ ಡೈಕ್, ಹಾದುಹೋಗಿದ್ದರೆ ಅದನ್ನು ಅಲೆಯಿಂದ ಗುರುತಿಸುವುದು ಕಷ್ಟ. ಅದರ ವೇಗ ಗ್ರಾನೈಟಿಗಿಂತ ಸ್ವಲ್ಪವೇ ಜಾಸ್ತಿ. ಅದಕ್ಕೆ ಕಾಂತೀಯ ಸರ್ವೆ ಮೇಲು. ಡೈಕಿನ ಅಂಚಿನ ಒಡೆದ ಕಲ್ಲು ಮಾತ್ರ ನಮ್ಮ ಅಲೆಗೆ ಚೆನ್ನಾಗಿ ಸಿಗುತ್ತದೆ.

ಬರೆದು ಕೊಡುವ ಹಾಳೆಯಲ್ಲಿ ಇವು ಇರಲಿ: ಬೋರಿನ ಆಳ, ನೀರಿನ ಮಟ್ಟ, ಅಳೆದ ತಿಂಗಳು, ಗ್ಯಾಪ್ ಸಿಕ್ಕ ಆಳಗಳು ಅಡಿಯಲ್ಲಿ, ನಿಧಾನದ ದಿಕ್ಕು, ಎಲ್ಲೂ ಏನೂ ಸಿಗದಿದ್ದರೆ ಅದೂ. ಏನೂ ಸಿಗದ ಹಾಳೆಗೂ ಬೆಲೆ ಇದೆ. ಆ ಹೊಲದಲ್ಲಿ ಇನ್ನೊಂದು ಬೋರು ಬೇಡ, ಕೃಷಿ ಹೊಂಡ ಮಾಡಿ ಎಂದು ಹೇಳಲು ಅದು ಆಧಾರ.

ಮುಚ್ಚಳ

ಉಪಕರಣ ಎತ್ತಿ ಒರೆಸಿಟ್ಟ ಮೇಲೆ ಚಪ್ಪಡಿ ಎಳೆದು ಹೊರಡಬೇಡಿ. ತೆರೆದ ಬೋರಿಗೆ ಮಕ್ಕಳು ಬಿದ್ದ ದುಃಖವನ್ನು ನಮ್ಮ ಭಾಗ ಚೆನ್ನಾಗಿ ಬಲ್ಲದು. ಸುಪ್ರೀಂ ಕೋರ್ಟ್ 2010ರಲ್ಲಿ ಇದಕ್ಕೆಂದೇ ಸೂಚನೆ ಕೊಟ್ಟಿದೆ. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಬೆಸುಗೆ ಅಥವಾ ಬೋಲ್ಟ್ ಹಾಕಿದ ಉಕ್ಕಿನ ಮುಚ್ಚಳ, ಇನ್ನು ಬೇಡ ಎಂದು ಬಿಟ್ಟ ಬೋರನ್ನು ತಳದಿಂದ ಮೇಲಿನವರೆಗೆ ತುಂಬುವುದು. ಮುಂದೆ ಮತ್ತೆ ಅಳೆಯುವ ಯೋಚನೆ ಇದ್ದರೆ ಬೋಲ್ಟ್ ಹಾಕುವ ಮುಚ್ಚಳ ಆರಿಸಿ. ನಾನು ಹೋಗುವಾಗಲೇ ಆರೂವರೆ ಇಂಚಿನ ಎರಡು ಮುಚ್ಚಳ, ಎಂಟು ಬೋಲ್ಟ್, ಒಂದು ಸ್ಪ್ಯಾನರ್ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಬೋಲ್ಟ್ ಬಿಗಿದು, ಮುಚ್ಚಳದ ಮೇಲೆ ಬೋರಿನ ಆಳವನ್ನೂ ಗ್ಯಾಪಿನ ಆಳವನ್ನೂ ಬಣ್ಣದಲ್ಲಿ ಬರೆದು, ಸ್ಪ್ಯಾನರನ್ನು ಮನೆಯವರ ಕೈಗೆ ಕೊಟ್ಟು ಬನ್ನಿ.